ಹಿರಿಯರು ಬಾಯಿ ಮುಚ್ಚಿ ಕೂತ ಸಮ್ಮೇಳನ

ಅಲರ್ಜಿ ಮತ್ತು ಇಮ್ಯುನಾಲಜಿ ಕಲಿಯಲು ಹೊರಟ ಹುಡುಗ ಹುಡುಗಿಯರು ಈಗಲೂ ಕೆ.ಆರ್. ಪುರದ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಹಳೇ ಮದ್ರಾಸು ರಸ್ತೆಯ ಟ್ರಾಫಿಕ್ಕಿನಲ್ಲಿ ಬೆಂದು ಬಂದವರಿಗೆ ಮೊದಲು ಮಜ್ಜಿಗೆ ಕೊಡುತ್ತೇನೆ. ಲೋಟ ಅರ್ಧ ಆಗುವುದರೊಳಗೆ ಪ್ರಶ್ನೆ ಬರುತ್ತದೆ: "ಮೇಡಂ, ಯಾವ ಪುಸ್ತಕ ಓದ್ಬೇಕು?" ಪುಸ್ತಕದ ಹೆಸರನ್ನೇನೋ ಹೇಳುತ್ತೇನೆ. ಆದರೆ ಈ ಕೆಲಸ ನಿಜವಾಗಿ ಹೇಗಿರುತ್ತದೆ ಎನ್ನುವುದು ಆ ಪುಸ್ತಕಗಳಲ್ಲಿ ಇಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ.

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಜಂಬ ಇದೆ. ಯಾವಾಗ ಪ್ರೊಫೆಸರ್ ಆದೆ, ಯಾರು ಶಾಲು ಹೊದಿಸಿದರು ಎನ್ನುವುದರ ಬಗ್ಗೆ ಅಲ್ಲ. ಅದು ನನಗೇ ಬೇಸರದ ವಿಷಯ. ನನ್ನ ಜಂಬವೆಲ್ಲ ಒಂದೇ ಕೆಲಸದ ಬಗ್ಗೆ. ತರಬೇತಿಯಲ್ಲಿರುವ ಎಳೆಯ ವೈದ್ಯರಿಗಾಗಿ ಶಿವಾಜಿನಗರದ ನಮ್ಮ ಆಸ್ಪತ್ರೆಯ ಹಿಂದಿನ ಹಾಲ್‌ನಲ್ಲಿ ಪ್ರತಿವರ್ಷ ಎರಡು ದಿನ ನಡೆಸುತ್ತಿದ್ದ ಸಮ್ಮೇಳನ ಅದು. ಅದನ್ನು ಹುಟ್ಟಿಸಿದವಳು ನಾನು, ಬೆಳೆಸಿದವಳು ನಾನು, ಅದಕ್ಕಾಗಿ ಜಗಳ ಆಡಿದವಳೂ ನಾನೇ.

ನಾನು ಈ ವಿಷಯ ಆರಿಸಿಕೊಂಡಾಗ ನಮ್ಮ ಅಮ್ಮನೇ ಮೂಗು ಮುರಿದಿದ್ದಳು. ನಾವಿದ್ದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಮಗಳು ಹಾರ್ಟ್ ಡಾಕ್ಟರು ಎಂದು ಸಾಲುಮನೆಗಳಿಗೆಲ್ಲ ಹೇಳಿಕೊಂಡು ಬರುವ ಆಸೆ ಅವಳಿಗೆ. "ಸೀನೋದಕ್ಕೂ ಒಂದು ಓದಾ? ಶುಂಠಿ ಕಷಾಯ ಕುಡಿದ್ರೆ ಹೋಗುತ್ತೆ" ಅಂದಳು. ಕಾಲೇಜಿನಲ್ಲಿ ಮಿದುಳು, ಹೃದಯ ಹಿಡಿದವರ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ ಆಗಿತ್ತು. ಅಲರ್ಜಿ ಎಂದರೆ ಮನೆಯ ಕಾವಲುಗಾರ ಕಳ್ಳನನ್ನು ಬಿಟ್ಟು ಹಾಲಿನವನನ್ನು ಹಿಡಿದು ಬಡಿಯುವುದು. ಹಾಲಿನವನು ಯಾರು, ಕಾವಲುಗಾರನಿಗೆ ಅವನ ಮೇಲೆ ಯಾಕೆ ಸಿಟ್ಟು ಎಂದು ಪತ್ತೆ ಮಾಡುವುದೇ ನಮ್ಮ ಕಸುಬು. ಇದಕ್ಕಿಂತ ಮಜಾ ಇರುವ ಕಸುಬು ವೈದ್ಯಕೀಯದಲ್ಲಿ ಇನ್ನೊಂದಿಲ್ಲ ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ.

ಮೊದಲ ಸಮ್ಮೇಳನ ನೆನೆಸಿಕೊಂಡರೆ ಇವತ್ತಿಗೂ ನಗು ಬರುತ್ತದೆ. ಆಗ ನಮ್ಮ ವಿಭಾಗದ ಮುಖ್ಯಸ್ಥರು ಡಾಕ್ಟರ್ ಶೇಷಗಿರಿ. ಒಳ್ಳೆಯ ವೈದ್ಯರು, ಅಪಾರ ಓದಿದವರು, ಮೇ ತಿಂಗಳಲ್ಲೂ ಟೈ ಬಿಚ್ಚದವರು. ಒಂದೇ ತೊಂದರೆ ಎಂದರೆ ಯಾವ ಪ್ರಶ್ನೆಗೂ ಇನ್ನೊಬ್ಬರು ಉತ್ತರಿಸಲು ಬಿಡುತ್ತಿರಲಿಲ್ಲ. ಆ ದಿನ ಚರ್ಮಪರೀಕ್ಷೆ ಕಲಿಸುವ ಕಾರ್ಯಕ್ರಮ ಇಟ್ಟಿದ್ದೆವು. ಮುಂಗೈ ಮೇಲೆ ಧೂಳು, ಪರಾಗ, ಜಿರಲೆ ಇಂಥವುಗಳ ಸಾರದ ಒಂದೊಂದು ಹನಿ ಇಟ್ಟು ಮೆಲ್ಲಗೆ ಚುಚ್ಚಬೇಕು. ಆಗದ ವಸ್ತುವಿದ್ದ ಕಡೆ ಚರ್ಮ ಉಬ್ಬುತ್ತದೆ. ಜೊತೆಗೆ ಯಾರಿಗಾದರೂ ಉಬ್ಬಲೇಬೇಕಾದ ಹಿಸ್ಟಮಿನ್ನಿನ ಹನಿಯೊಂದನ್ನೂ ಇಡುತ್ತೇವೆ, ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು.

ವೈದ್ಯರು ಜೋಡಿಜೋಡಿಯಾಗಿ ಕೂತು ಒಬ್ಬರಿಗೊಬ್ಬರು ಚುಚ್ಚಿಕೊಂಡರು. ಕಾದರು. ಹಾಲ್ ತುಂಬ ಚಾಚಿದ ಕೈಗಳು, ಎಲ್ಲವೂ ಟಾರು ಹಾಕಿದ ರಸ್ತೆಯ ಹಾಗೆ ನುಣ್ಣಗೆ. ಉಬ್ಬಲೇಬೇಕಾದ ಹನಿಯೂ ಉಬ್ಬಿರಲಿಲ್ಲ. ಶೇಷಗಿರಿಯವರು ಕೆಂಪಾದರು. "ಔಷಧಿ ಕಂಪನಿಯೋರು ನೀರು ತುಂಬಿ ಕಳಿಸಿದ್ದಾರೆ!" ಎಂದು ಫೋನ್ ಹಿಡಿದು ಕಂಪನಿಯ ಪ್ರತಿನಿಧಿಯನ್ನು ಹಿಗ್ಗಾಮುಗ್ಗಾ ಬೈಯತೊಡಗಿದರು.

ನನಗೆ ಏನೋ ಹೊಳೆಯಿತು. ಆ ಹಾಲ್‌ನ ಪರದೆಗಳನ್ನು ಯಾವ ಕಾಲದಲ್ಲಿ ಒಗೆದಿದ್ದರೋ. ಹಿಂದಿನ ದಿನ ಕುರ್ಚಿ ಜೋಡಿಸುವಾಗಿನಿಂದಲೇ ಎಲ್ಲರೂ ಸೀನುತ್ತಿದ್ದರು. ಅಲರ್ಜಿ ಕಲಿಯಲು ಬರುವವರಲ್ಲಿ ಸ್ವತಃ ಅಲರ್ಜಿ ಇದ್ದವರೇ ಹೆಚ್ಚು, ಇದು ನಮ್ಮ ಕಸುಬಿನ ಗುಟ್ಟು. ನಾನು ಎದ್ದು ನಿಂತು ಕೇಳಿದೆ: "ನಿನ್ನೆಯಿಂದ ಇಲ್ಲೀವರ್ಗೂ ಶೀತದ ಮಾತ್ರೆ ನುಂಗಿದವರು ಯಾರ್ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಒಬ್ಬೊಬ್ಬರೇ ಜೇಬು, ಬ್ಯಾಗು ಮುಟ್ಟಿಕೊಂಡರು. ಚರ್ಮ ಉಬ್ಬದ ಹಾಗೆ ತಡೆಯುವ ಆ ಮಾತ್ರೆಯನ್ನು ಪರೀಕ್ಷೆಗೆ ಮುಂಚೆ ಕೆಲವು ದಿನ ನಿಲ್ಲಿಸಿ ಎಂದು ದಿನಬೆಳಗಾದರೆ ರೋಗಿಗಳಿಗೆ ಹೇಳುವವರು, ತಾವೇ ನುಂಗಿ ಬಂದಿದ್ದರು! ಶೇಷಗಿರಿಯವರ ಕೈಯೂ ಮೆಲ್ಲಗೆ ಅಂಗಿಯ ಜೇಬಿಗೆ ಹೋಯಿತು. ಫೋನಿನಲ್ಲಿದ್ದ ಪ್ರತಿನಿಧಿಗೆ "ಆಯ್ತು, ಮುಂದಿನ ಸಲ ಹುಷಾರು" ಎಂದು ಹೇಳಿ ಇಟ್ಟರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಎರಡನೆಯ ವರ್ಷದಿಂದ ನಾನು ಸ್ಲೈಡುಗಳ ಬದಲು ರೋಗಿಗಳನ್ನೇ ಕರೆತಂದೆ. ಹಾಲ್ ನಡುವೆ ಒಂದು ಕುರ್ಚಿ, ಅದರಲ್ಲಿ ಯಾರಿಗೂ ಬಗೆಹರಿಯದ ತೊಂದರೆಯ ರೋಗಿ, ಸುತ್ತ ಕಲಿಯುವವರು. ಪ್ರಶ್ನೆ ಕೇಳಿ ಪತ್ತೆ ಮಾಡಬೇಕು. ಆ ವರ್ಷ ಬಂದವರು ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯ ದರ್ಜಿ. ಕೆಮ್ಮು, ಏದುಸಿರು, ಸಂಜೆಯಾದರೆ ಚಳಿಜ್ವರ. ಹುಡುಗರು ಬಾಯಿ ತೆರೆಯುವ ಮೊದಲೇ ಶೇಷಗಿರಿಯವರು ಹಿಂದಿನ ಸಾಲಿನಿಂದ ತೀರ್ಪು ಕೊಟ್ಟರು: "ಬಟ್ಟೆ ಧೂಳು. ನೆಕ್ಸ್ಟ್!" ಎಲ್ಲರೂ ಬಗ್ಗಿ ಬರೆದುಕೊಂಡರು. ದರ್ಜಿ ಮಾಸ್ಕ್ ಹಾಕಿಕೊಂಡು ಹೊಲಿಯತೊಡಗಿದರು, ಕೆಮ್ಮು ಮಾತ್ರ ಹೋಗಲಿಲ್ಲ.

ಕೆಲವು ತಿಂಗಳ ಮೇಲೆ ಅವರು ಮತ್ತೆ ನನ್ನ ಓ.ಪಿ.ಡಿ.ಗೆ ಬಂದಾಗ ಭುಜದ ಮೇಲೊಂದು ಬೂದು ಬಣ್ಣದ ಪುಕ್ಕ ಅಂಟಿಕೊಂಡಿತ್ತು. ಕೇಳಿದರೆ ತಾರಸಿಯ ಮೇಲೆ ಪಾರಿವಾಳ ಸಾಕಿದ್ದಾರೆ, ಅಪ್ಪನ ಕಾಲದಿಂದಲೂ. ದಿನಾ ಅಂಗಡಿ ಮುಚ್ಚಿ ಬಂದು ಗೂಡು ಗುಡಿಸುವುದೇ ಅವರಿಗೆ ಸಂತೋಷ. ಆ ಪುಕ್ಕ, ಹಿಕ್ಕೆಯ ಧೂಳೇ ಅವರ ಶ್ವಾಸಕೋಶ ಕೆಡಿಸುತ್ತಿತ್ತು. "ಮೊದ್ಲೇ ಯಾಕೆ ಹೇಳ್ಲಿಲ್ಲ ಸಾಬ್ರೇ?" ಎಂದೆ.

"ಕೇಳಿದ್ರೆ ತಾನೆ ಹೇಳೋದು, ಮೇಡಂ? ದರ್ಜಿ ಅಂದ್ರೆ ಸಾಕು, ಎಲ್ಲಾರೂ ಬಟ್ಟೆ ಬಗ್ಗೇನೇ ಕೇಳ್ತಾರೆ" ಅಂದರು.

ಆ ಮಾತು ನನಗೆ ಯಾವ ಪಠ್ಯಪುಸ್ತಕಕ್ಕಿಂತಲೂ ಹೆಚ್ಚು ಕಲಿಸಿತು. ಪಾರಿವಾಳಗಳನ್ನು ತಮ್ಮನ ಮನೆಗೆ ಸಾಗಿಸಿದ ಮೇಲೆ ಅವರು ಸುಧಾರಿಸಿದರು, ನನಗೊಂದು ರವಿಕೆ ಹೊಲಿದುಕೊಟ್ಟರು. ನಾನು ಸಮ್ಮೇಳನಕ್ಕೊಂದು ಹೊಸ ನಿಯಮ ಹೊಲಿದೆ. ಕಲಿಯುವವರು ಮುಂದೆ ಕೂರಬೇಕು, ಹಿರಿಯರು ಹಿಂದಿನ ಗೋಡೆಗೆ ಒರಗಿ. ಕಲಿಯುವವರೆಲ್ಲ ಕೇಳಿ ಮುಗಿಸುವವರೆಗೆ ಹಿರಿಯರು ಒಂದಕ್ಷರ ಮಾತಾಡುವಂತಿಲ್ಲ. ಮಾತಾಡಿದವರು ಆ ಮಧ್ಯಾಹ್ನ ಎಲ್ಲರಿಗೂ ಊಟ ಬಡಿಸಬೇಕು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಎಲ್ಲರೂ ನನ್ನ ಮುಖ ನೋಡಿದರು. ನಾನೇ ಕಟ್ಟಿದೆ. ಶೇಷಗಿರಿಯವರು ಸಭೆಯಲ್ಲಿ "ಎಕ್ಸಲೆಂಟ್ ಐಡಿಯಾ! ಕೆಲವರಿಗೆ ಬಾಯಿ ನಿಲ್ಲೋದೇ ಇಲ್ಲ" ಎಂದು ಮೊದಲು ಕೈ ಎತ್ತಿದರು. ಆ ವರ್ಷವೇ ಟೈಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು, ಸಾಂಬಾರಿನ ಬಕೆಟ್ ಹಿಡಿದು ಪಂಕ್ತಿಯ ಉದ್ದಕ್ಕೂ ಓಡಾಡಿದರು. ಬಡಿಸುವುದರಲ್ಲಿ ಅವರದು ಎತ್ತಿದ ಕೈ, ಯಾರ ಎಲೆಯೂ ಬರಿದಾಗಲು ಬಿಡಲಿಲ್ಲ. ಅಡುಗೆಯ ಗುತ್ತಿಗೆ ಹಿಡಿದಿದ್ದ ಹಲಸೂರಿನ ಭಟ್ಟರು ಮೊದಲೇ ನಮ್ಮ ಮೇಲೆ ಬೇಸರ ಮಾಡಿಕೊಂಡಿದ್ದವರು. ಒಬ್ಬರಿಗೆ ಗೋಡಂಬಿ ಆಗುವುದಿಲ್ಲ, ಒಬ್ಬರಿಗೆ ಬದನೆಕಾಯಿ, ಒಬ್ಬರಿಗೆ ಕಡಲೆಹಿಟ್ಟು. "ಏನ್ ಮೇಡಂ, ಊರಿಗೆಲ್ಲಾ ಔಷಧಿ ಕೊಡೋರಿಗೆ ಊಟಾನೇ ಆಗಲ್ವಾ?" ಎಂದು ನನ್ನನ್ನು ರೇಗಿಸುತ್ತಿದ್ದರು. ಶೇಷಗಿರಿಯವರ ಬಡಿಸುವ ಚಂದ ನೋಡಿ ಮಾತ್ರ, "ಇವರನ್ನ ನಂಗೆ ಕೊಟ್ಬಿಡಿ" ಅಂದರು.

ಮುಂದೆ ಕೊರೊನಾ ಬಂದು ಸಮ್ಮೇಳನ ಕಂಪ್ಯೂಟರಿನೊಳಗೆ ನಡೆದಾಗ ನನ್ನ ನಿಯಮಕ್ಕೆ ಯಂತ್ರವೇ ಸಿಕ್ಕಿತು. ಹಿರಿಯರನ್ನೆಲ್ಲ ಒಂದೇ ಗುಂಡಿ ಒತ್ತಿ ಮೌನಕ್ಕೆ ಕಳಿಸಿದೆ. ಆ ಸುಖವನ್ನು ಬಣ್ಣಿಸಲಾರೆ. ವಿಧಾನಗಳೂ ಎಷ್ಟೋ ಬದಲಾದವು. ನಾನು ಬಂದಾಗ ಗೀರಿ ಪರೀಕ್ಷೆ ಮಾಡುತ್ತಿದ್ದೆವು, ಆಮೇಲೆ ಚುಚ್ಚಿ. ಈಗ ಒಂದು ಕಾಳಿನೊಳಗಿನ ಯಾವ ಪ್ರೋಟೀನು ಆಗುವುದಿಲ್ಲ ಎಂದು ರಕ್ತದಲ್ಲೇ ಹೇಳುತ್ತಾರೆ. ಆದರೂ ಕೇಳಬೇಕಾದ್ದನ್ನು ಕೇಳದಿದ್ದರೆ ಯಾವ ಪರೀಕ್ಷೆ ಮಾಡಿಸಬೇಕೆಂದೇ ಗೊತ್ತಾಗುವುದಿಲ್ಲ. ಅದಕ್ಕೆ ಸಾಕ್ಷಿ ರೇವತಿ. ನನ್ನ ಇಡೀ ಕೆಲಸದ ಬದುಕಿನಲ್ಲಿ ಒಂದೇ ಒಂದನ್ನು ಹೇಳು ಎಂದರೆ ನಾನು ಹೇಳುವುದು ಅವಳ ಕಥೆ.

ಅದು ಕೊರೊನಾಗಿಂತ ಮುಂಚಿನ ಮಾತು, ಶೇಷಗಿರಿಯವರ ಸೇವೆಯ ಕೊನೆಯ ವರ್ಷ. ತಮ್ಮ ಕೊನೆಯ ಸಮ್ಮೇಳನ ಇಂದಿರಾನಗರದ ದೊಡ್ಡ ಹೋಟೆಲ್ಲಿನಲ್ಲಿ ನಡೆಯಲಿ, ಹೊರದೇಶದವರ ಭಾಷಣ ಇರಲಿ ಎಂದು ಅವರಿಗೆ ಆಸೆ. "ಸರ್, ನಮ್ಮ ಪೇಶೆಂಟುಗಳು ಆ ಗಾಜಿನ ಬಾಗಿಲು ನೋಡೇ ವಾಪಸ್ ಹೋಗ್ತಾರೆ" ಎಂದು ನಾನು ಪಟ್ಟು ಹಿಡಿದೆ. ಅವರು ಗೊಣಗಿಕೊಂಡೇ ಒಪ್ಪಿದರು. "ನಿಮ್ಮ ಕುರ್ಚಿ ಕಾರ್ಯಕ್ರಮ ಈ ಸಲ ಏನ್ ಪವಾಡ ಮಾಡುತ್ತೋ ನೋಡ್ತೀನಿ" ಎಂದೂ ಸೇರಿಸಿದರು.

ಆ ಕುರ್ಚಿಯಲ್ಲಿ ಬಂದು ಕೂತವಳು ರೇವತಿ. ಮರ್ಫಿ ಟೌನಿನ ಹುಡುಗಿ, ಪಿ.ಯು.ಸಿ. ಓದುತ್ತಿದ್ದಳು, ಫುಟ್‌ಬಾಲ್ ಆಡುತ್ತಿದ್ದಳು. ಆಡುತ್ತಿದ್ದಳು ಎಂದರೆ ಸಾಲದು. ಅವಳ ಕಾಲಿಗೆ ಚೆಂಡು ಸಿಕ್ಕರೆ ಗಂಡುಹುಡುಗರೂ ಮೈದಾನದ ಅಂಚಿಗೆ ಬಂದು ನಿಲ್ಲುತ್ತಿದ್ದರಂತೆ. ರಾಜ್ಯ ತಂಡದ ಆಯ್ಕೆ ಹತ್ತಿರದಲ್ಲಿತ್ತು. ಆದರೆ ಆಡುತ್ತ ಆಡುತ್ತಲೇ ಅವಳು ಮೂರು ಸಲ ಮೈದಾನದಲ್ಲಿ ಕುಸಿದಿದ್ದಳು. ಮೊದಲು ಅಂಗೈ ತುರಿಕೆ, ಆಮೇಲೆ ಮೈತುಂಬ ದದ್ದು, ತುಟಿ ಊದಿ, ಉಸಿರು ಕಟ್ಟಿ, ಕಣ್ಣು ಕತ್ತಲೆ. ಮೂರನೆಯ ಸಲ ಆಟೋದಲ್ಲಿ ಆಸ್ಪತ್ರೆಗೆ ತರುವಷ್ಟರಲ್ಲಿ ನಾಡಿಯೇ ಸಿಗುತ್ತಿರಲಿಲ್ಲ.

ಹೃದಯದವರು ನೋಡಿದರು, ಏನೂ ಇಲ್ಲ ಎಂದರು. ನಾವು ಮೈದಾನದ ಹುಲ್ಲು, ಧೂಳು, ಅವಳು ತಿನ್ನುವ ಎಲ್ಲವನ್ನೂ ಚುಚ್ಚಿ ನೋಡಿದ್ದೆವು. ಯಾವುದೂ ಉಬ್ಬಿರಲಿಲ್ಲ. ಬೇರೆ ದಿನಗಳಲ್ಲಿ ಅದೇ ಮೈದಾನ, ಅದೇ ಹುಡುಗಿ, ಅದೇ ಓಟ, ಏನೂ ಆಗುತ್ತಿರಲಿಲ್ಲ.

ಜೊತೆಗೆ ಬಂದಿದ್ದ ತಾಯಿ ಮಲ್ಲಿಕಮ್ಮ ಹಾಲ್‌ನ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡಿದ್ದರು. ಮನೆಗಳಲ್ಲಿ ಅಡುಗೆ ಮಾಡುವ ಹೆಂಗಸು, ತಮಿಳು ಬೆರೆತ ಕನ್ನಡ. "ಡಾಕ್ಟ್ರಮ್ಮಾ, ಇವತ್ತು ನೀವೆಲ್ಲಾ ಸೇರ್ಕೊಂಡು ಏನು ಅಂತ ಹೇಳ್ದಿದ್ರೆ ಆಟ ಬಂದ್. ಇವಳು ಅಳ್ಲಿ, ಊಟ ಬಿಡ್ಲಿ, ನಾನು ಬಿಡಲ್ಲ. ಬೂಟು ಎಲ್ಲಾ ಯಾರಿಗಾದ್ರೂ ಕೊಟ್ಬಿಡ್ತೀನಿ. ನಂಗೆ ಕಪ್ ಬೇಡ, ಮಗಳು ಬೇಕು" ಅಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ರೇವತಿ ಮಾತ್ರ ತಾಯಿಯತ್ತ ತಿರುಗಿಯೂ ನೋಡದೆ ಹೋಗಿ ಕುರ್ಚಿಯಲ್ಲಿ ಕೂತಳು.

ಪ್ರಶ್ನೆಗಳು ಶುರುವಾದವು. ಯಾವ ಸಾಬೂನು, ಯಾವ ಬೂಟು, ಜೇನುಹುಳ ಕಚ್ಚಿತ್ತಾ, ಮನೆಯಲ್ಲಿ ಬೆಕ್ಕಿದೆಯಾ. ಒಬ್ಬ ಹುಡುಗ ಆಟದ ದಿನ ಏನು ತಿನ್ನುತ್ತೀ ಎಂದು ಕೇಳಿದ. "ಮ್ಯಾಚಿಗ್ ಮುಂಚೆ ಬೇಕರಿಯಲ್ಲಿ ಎರಡು ಖಾರ ಬನ್. ನಮ್ಮ ಟೀಮ್ ಪೂರಾ ಅದೇ ತಿನ್ನೋದು" ಎಂದಳು. ಹಾಲ್‌ನಲ್ಲಿ ಗುಸುಗುಸು ಎದ್ದಿತು. ಬನ್ನಿನ ಮೈದಾ ಗೋಧಿಯದೇ, ಗೋಧಿ ತಿಂದು ಓಡಿದರೆ ಮಾತ್ರ ಬರುವ ಅಲರ್ಜಿಯೊಂದಿದೆ, ಅಪರೂಪದ್ದು. ಮಾಮೂಲಿ ಗೋಧಿಯ ಚರ್ಮಪರೀಕ್ಷೆಯಲ್ಲಿ ಎಷ್ಟೋ ಸಲ ಸಿಕ್ಕಿಬೀಳುವುದಿಲ್ಲ. ಆದರೆ ರೇವತಿಯೇ ಆ ಉತ್ಸಾಹಕ್ಕೆ ನೀರು ಹಾಕಿದಳು: "ಪ್ರಾಕ್ಟೀಸ್ ದಿನಾನೂ ಬನ್ ತಿಂದು ಓಡ್ತೀನಿ ಸರ್. ಏನೂ ಆಗಲ್ಲ."

ಹಿಂದಿನ ಗೋಡೆಯ ಕಡೆ ನೋಡಿದೆ. ಶೇಷಗಿರಿಯವರು ಸೀಟಿನ ತುದಿಗೆ ಬಂದು ಕೂತಿದ್ದರು. ಬಾಯಿ ತೆರೆಯುವುದು, ಬಕೆಟ್ ನೆನಪಾಗಿ ಮುಚ್ಚುವುದು, ಮತ್ತೆ ತೆರೆಯುವುದು.

ಆಗ ಎದ್ದವಳು ಡಾಕ್ಟರ್ ನಸೀಮಾ. ಶಿವಾಜಿನಗರದವಳು, ತರಬೇತಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮೈಕನ್ನು ಪಕ್ಕದವನ ಕೈಗೆ ಕೊಟ್ಟು ರೇವತಿಯ ಹತ್ತಿರ ಹೋದಳು, ಒಂದು ಕುರ್ಚಿ ಎಳೆದುಕೊಂಡು ಕೂತಳು. "ಬಿದ್ದ ದಿನಕ್ಕೂ ಬೀಳದ ದಿನಕ್ಕೂ ಏನ್ ವ್ಯತ್ಯಾಸ? ತಿಂದಿದ್ದು ಬಿಡು. ಏನಾದ್ರೂ ನುಂಗಿದ್ಯಾ?"

ಹುಡುಗಿ ಸುತ್ತ ಕೂತ ಗಂಡಸರ ಕಡೆ ಕಣ್ಣು ಹಾಯಿಸಿ ತಲೆ ತಗ್ಗಿಸಿದಳು. ಮಲ್ಲಿಕಮ್ಮ ಅಂಚಿನಿಂದ "ಸೊಲ್ಲು ಡೀ, ಹೇಳು!" ಎಂದು ಗದರಿದರು. ನಸೀಮಾ ಅವರಿಗೆ ಕೈಸನ್ನೆ ಮಾಡಿ, "ಇರಿ ಅಕ್ಕಾ" ಎಂದು ತಾನೂ ತಮಿಳಿಗೆ ಹೊರಳಿ ಹುಡುಗಿಯ ಕಿವಿಯ ಹತ್ತಿರ ಏನೋ ಕೇಳಿದಳು. ಹುಡುಗಿ ಅವಳ ಕಿವಿಯಲ್ಲಿ ಏನೋ ಹೇಳಿದಳು.

"ಜೋರಾಗಿ ಹೇಳಮ್ಮಾ! ಇಲ್ಲಿ ಏನೂ ಕೇಳಿಸ್ತಿಲ್ಲ!" ಎಂದು ಹಿಂದಿನಿಂದ ಒಂದು ಧ್ವನಿ ಗುಡುಗಿತು. ಶೇಷಗಿರಿಯವರು! ಹಾಲ್ ಗೊಳ್ಳೆಂದಿತು, ರೇವತಿಯೂ ನಕ್ಕಳು. ಆ ನಗುವಿನಲ್ಲಿ ಅವಳ ಅರ್ಧ ಸಂಕೋಚ ಕರಗಿಹೋಯಿತು.

ನಸೀಮಾ ಎದ್ದು ಮೈಕು ತೆಗೆದುಕೊಂಡಳು. "ಕೆಲವು ಮ್ಯಾಚುಗಳ ದಿನ ಇವಳು ನೋವಿನ ಮಾತ್ರೆ ತಗೊಂಡು ಆಡಿದಾಳೆ. ಬಿದ್ದ ಮೂರೂ ದಿನ ತಗೊಂಡಿದ್ಲು" ಎಂದಳು. ಯಾವ ನೋವು ಎಂದು ಹೇಳಲಿಲ್ಲ. ಹೆಂಗಸರಿಗೆಲ್ಲ ತಿಳಿಯಿತು, ಗಂಡಸರಿಗೆ ತಿಳಿಯುವ ಅಗತ್ಯವಿರಲಿಲ್ಲ. ಆ ಹುಡುಗಿಯ ಮಾನ ಕಾಪಾಡಿ ರೋಗವನ್ನೂ ಹಿಡಿದಳಲ್ಲ ಎಂದು ನನಗೆ ಎದೆ ತುಂಬಿ ಬಂತು. ಇಂಥ ವೈದ್ಯೆಯನ್ನು ತಯಾರು ಮಾಡಲಿಕ್ಕೇ ನಾನು ಇಷ್ಟು ವರ್ಷ ಹಾಲ್ ಬಾಗಿಲು ತೆರೆದದ್ದು ಎನ್ನಿಸಿತು.

ಮುಂದಿನದನ್ನು ಹುಡುಗರೇ ಜೋಡಿಸಿದರು. ಬನ್ ಒಂದೇ ಆದರೆ ತೊಂದರೆ ಇಲ್ಲ, ಓಟ ಒಂದೇ ಆದರೂ ಇಲ್ಲ. ಬನ್ ತಿಂದು, ಆ ಮಾತ್ರೆ ನುಂಗಿ, ಓಡಿದರೆ ಮಾತ್ರ ಕಾವಲುಗಾರನಿಗೆ ಹುಚ್ಚು ಹಿಡಿಯುತ್ತದೆ. ಮಾತ್ರೆಯೂ ಓಟವೂ ಸೇರಿ ಹೊಟ್ಟೆಯ ಬಾಗಿಲು ಸಡಿಲ ಮಾಡುತ್ತವೆ, ಗೋಧಿಯ ಅಂಶ ಸರಕ್ಕನೆ ರಕ್ತಕ್ಕೆ ನುಗ್ಗುತ್ತದೆ. "ಕೇಳೋಕ್ ಚೆನ್ನಾಗಿದೆ. ಪ್ರೂವ್ ಮಾಡಿ" ಎಂದರು ಶೇಷಗಿರಿ, ಮಧ್ಯಾಹ್ನದ ಪಂಕ್ತಿಯಲ್ಲಿ ಅನ್ನದ ತಟ್ಟೆ ಹಿಡಿದು ಬಡಿಸುತ್ತಲೇ.

ಸಾಬೀತು ಮಾಡುವುದು ಮಕ್ಕಳಾಟವಲ್ಲ. ಮತ್ತೆ ಅಲರ್ಜಿ ಬರಿಸಿ ನೋಡಬೇಕು, ಅದೂ ಆಸ್ಪತ್ರೆಯೊಳಗೆ, ಕೈಗೆ ಸೂಜಿ ಹಾಕಿ, ಅಲರ್ಜಿ ಏರದಂತೆ ತಡೆಯುವ ಅಡ್ರಿನಲಿನ್ ಚುಚ್ಚುಮದ್ದನ್ನು ಸಿದ್ಧವಾಗಿಟ್ಟುಕೊಂಡು. ಮಲ್ಲಿಕಮ್ಮನನ್ನು ಒಪ್ಪಿಸಲು ನಾನೂ ನಸೀಮಾಳೂ ಮರ್ಫಿ ಟೌನಿನ ಅವರ ಮನೆಗೇ ಹೋದೆವು. ಅವರು ಎಲ್ಲವನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡರು. ಕೊನೆಗೆ ಮಗಳನ್ನೇ ಕೇಳಿದರು, "ಮಾಡಿಸ್ಕೋತಿಯಾ?" ರೇವತಿ ತಲೆ ಆಡಿಸಿದಳು. "ನಾನು ಪಕ್ಕದಲ್ಲೇ ನಿಂತಿರ್ತೀನಿ" ಎಂದರು ತಾಯಿ.

ಬೇರೆ ಬೇರೆ ದಿನ ಬೇರೆ ಬೇರೆ ಪರೀಕ್ಷೆ. ಬನ್ ತಿಂದು ಟ್ರೆಡ್‌ಮಿಲ್ ಮೇಲೆ ಓಡಿದಳು, ಏನೂ ಇಲ್ಲ. ಮಾತ್ರೆ ನುಂಗಿ ಓಡಿದಳು, ಏನೂ ಇಲ್ಲ. ಬನ್ನೂ ಮಾತ್ರೆಯೂ ತೆಗೆದುಕೊಂಡು ಸುಮ್ಮನೆ ಕೂತಳು, ಆಗಲೂ ಇಲ್ಲ. ಶೇಷಗಿರಿಯವರು ದಿನಾ ಬಂದು ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದರು. ಕೊನೆಯ ದಿನ ಮೂರೂ ಒಟ್ಟಿಗೆ. ಓಡಲು ಶುರುಮಾಡಿ ಸ್ವಲ್ಪ ಹೊತ್ತಿಗೆ ರೇವತಿ ಅಂಗೈಯನ್ನು ಪ್ಯಾಂಟಿಗೆ ಉಜ್ಜತೊಡಗಿದಳು. "ಮೇಡಂ, ಶುರು ಆಯ್ತು" ಅಂದಳು. ಯಂತ್ರ ನಿಲ್ಲಿಸಿ ಮಲಗಿಸುವಷ್ಟರಲ್ಲಿ ಕುತ್ತಿಗೆಯ ಮೇಲೆ ಕೆಂಪು ದದ್ದುಗಳು ಏಳುತ್ತಿದ್ದವು. ನಸೀಮಾ ತೊಡೆಗೆ ಚುಚ್ಚುಮದ್ದು ಕೊಟ್ಟಳು. ದದ್ದು ಇಳಿಯಿತು, ಉಸಿರು ಹಗುರವಾಯಿತು, ರಕ್ತದೊತ್ತಡ ಒಂದಿಷ್ಟೂ ಕದಲಲಿಲ್ಲ.

ಹುಡುಗಿ ಸುಧಾರಿಸಿದಳು ಎಂದು ಖಾತ್ರಿಯಾದ ಕೂಡಲೇ ನಾವು ಮಾಡಿದ್ದನ್ನು ಈಗ ಹೇಳಿದರೆ ನಗುತ್ತೀರಿ. ನಾನು ನಸೀಮಾಳನ್ನು ತಬ್ಬಿಕೊಂಡೆ, ಹುಡುಗರು ಚಪ್ಪಾಳೆ ತಟ್ಟಿದರು, ಶೇಷಗಿರಿಯವರು "ಬ್ರಿಲಿಯಂಟ್! ಬ್ರಿಲಿಯಂಟ್!" ಎಂದು ಯಾರದೋ ಬೆನ್ನು ಗುದ್ದಿದರು.

ಮಲ್ಲಿಕಮ್ಮ ಕೆಂಡವಾದರು. "ಏನ್ರೀ ನೀವು? ನನ್ನ ಮಗಳಿಗೆ ಮೈಯೆಲ್ಲಾ ದದ್ದು ಬಂದ್ರೆ ಹಬ್ಬ ಮಾಡ್ತೀರಾ? ಮನುಷ್ಯರಾ ನೀವು?"

ಮಾತಿಗೆ ಮುಂದಾಗುವ ನಮ್ಮ ಮುಖ್ಯಸ್ಥರು ಆವತ್ತು ಅವರ ಎದುರು ಕೈ ಜೋಡಿಸಿ ನಿಂತರು. "ತಾಯೀ, ಕಳ್ಳ ಸಿಕ್ಕಿಬಿದ್ದ. ಇನ್ಮೇಲೆ ನಿಮ್ಮ ಮಗಳು ಬೀಳೋದಿಲ್ಲ. ಅದಕ್ಕೆ ಕುಣಿದ್ವಿ, ಬೇಜಾರ್ ಮಾಡ್ಕೋಬೇಡಿ" ಎಂದರು. ಮಲ್ಲಿಕಮ್ಮ ಅವರನ್ನೇ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನನಗೂ ಅಳು ಬಂತು, ಮುಚ್ಚಿಟ್ಟುಕೊಳ್ಳಲಿಲ್ಲ.

ಆಟದ ದಿನ ಬನ್, ಚಪಾತಿ, ಗೋಧಿಯ ಯಾವುದೂ ಬೇಡ. ಇಡ್ಲಿ ತಿಂದು ಹೋಗಲಿ. ಆ ನೋವಿನ ಮಾತ್ರೆ ಯಾವತ್ತೂ ಬೇಡ. ಅವಳಿಗೆ ಒಗ್ಗುವ ಬೇರೆ ಮಾತ್ರೆಯನ್ನು ನಾವೇ ನೋಡಿ ಕೊಟ್ಟೆವು. ಒಬ್ಬಳೇ ಅಭ್ಯಾಸ ಮಾಡುವಂತಿಲ್ಲ. ಚುಚ್ಚುಮದ್ದಿನ ಪೆಟ್ಟಿಗೆ ಸದಾ ಜೊತೆಯಲ್ಲಿರಬೇಕು. ಅವಳ ಕೋಚನ್ನು ಕರೆಸಿ ಒಂದು ಕಿತ್ತಳೆ ಹಣ್ಣಿನ ಮೇಲೆ ಚುಚ್ಚುವುದನ್ನು ಕಲಿಸಿದೆವು. ಮಲ್ಲಿಕಮ್ಮನೂ ಕಲಿತರು, ಕೋಚಿಗಿಂತ ಬೇಗ.

ಆಯ್ಕೆಯ ಪಂದ್ಯದ ದಿನ ನಾನು ಹೋದೆ. ನಸೀಮಾ ಬಂದಳು. ಎಲ್ಲರಿಗಿಂತ ಮೊದಲೇ ಬಂದು ಮೈದಾನದ ಗೆರೆಯ ಪಕ್ಕ ಕುರ್ಚಿ ಹಾಕಿ ಕೂತಿದ್ದವರು ಶೇಷಗಿರಿ. ಟೈ ಇತ್ತು, ತೊಡೆಯ ಮೇಲೆ ಚುಚ್ಚುಮದ್ದಿನ ಪೆಟ್ಟಿಗೆ ಇತ್ತು. "ಕೋಚ್ ಆಟ ನೋಡ್ಕೊಳ್ಳಲಿ. ಇದನ್ನ ನಾನ್ ನೋಡ್ಕೋತೀನಿ" ಎಂದರು.

ಮಲ್ಲಿಕಮ್ಮ ಬಂದವರೇ ಮೈದಾನಕ್ಕೆ ಬೆನ್ನು ಹಾಕಿ ನನ್ನ ಎದುರು ಕೂತರು. ತಿರುಗಿ ನೋಡುವ ಧೈರ್ಯವಿಲ್ಲ. ಆಟವನ್ನೆಲ್ಲ ನನ್ನ ಮುಖದಲ್ಲೇ ಓದುತ್ತಿದ್ದರು. "ಓಡ್ತಾ ಇದ್ದಾಳಾ?" "ಓಡ್ತಾ ಇದ್ದಾಳೆ." "ಕೈ ಕೆರ್ಕೋತಾ ಇದ್ದಾಳಾ?" "ಇಲ್ಲ ಮಲ್ಲಿಕಮ್ಮ." ನಾನು ಒಂದು ಸಲ ಸೀನಿದ್ದಕ್ಕೇ ಅವರ ಮುಖ ಬಿಳುಚಿಕೊಂಡಿತು. ಮೊದಲರ್ಧ ಮುಗಿಯಿತು. ಹಿಂದೆ ಅವಳು ಕುಸಿದದ್ದೆಲ್ಲ ಎರಡನೆಯ ಅರ್ಧದಲ್ಲೇ. ಅದೂ ಶುರುವಾಯಿತು. ಎದುರಾಳಿಗಳು ಅವಳನ್ನು ತಳ್ಳಿದರು, ಎಳೆದರು, ಕಾಲು ಕೊಟ್ಟು ಬೀಳಿಸಿದರು. ಬಿದ್ದಾಗ ಶೇಷಗಿರಿಯವರು ಪೆಟ್ಟಿಗೆ ತೆರೆದುಕೊಂಡು ಅರ್ಧ ಎದ್ದರು. ರೇವತಿ ಮೊಣಕಾಲಿನ ಮಣ್ಣು ಕೊಡವಿಕೊಂಡು ಎದ್ದು, ಇವರ ಕಡೆ ಕೈ ಬೀಸಿ ಮತ್ತೆ ಓಡಿದಳು.

ಆಟ ಮುಗಿಯಲು ಬಂದಿತ್ತು, ಎರಡೂ ಕಡೆ ಗೋಲಿರಲಿಲ್ಲ. ನಮ್ಮ ಕಡೆಯ ಗೋಲಿನ ಹತ್ತಿರ ಚೆಂಡು ರೇವತಿಗೆ ಸಿಕ್ಕಿತು. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು. ಎದುರಿಗೆ ಇಡೀ ಮೈದಾನ ಖಾಲಿ ಬಿದ್ದಿತ್ತು. ನನ್ನ ಮುಖ ಏನಾಯಿತೋ ನನಗೆ ಗೊತ್ತಿಲ್ಲ. ಮಲ್ಲಿಕಮ್ಮ "ಏನು? ಏನಾಯ್ತು?" ಎಂದವರೇ ನನ್ನ ಉತ್ತರಕ್ಕೂ ಕಾಯದೆ ತಿರುಗಿದರು.

ಮಗಳು ಓಡುವುದನ್ನು ನೋಡಿದರು. ಎದ್ದು ನಿಂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೆರೆಯವರೆಗೂ ಹೋಗಿ, ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದರು:

"ಓಡು ಡೀ, ರೇವತೀ! ನಿಲ್ಲಬೇಡ, ಓಡು!"